ಸೀಲು

ಕಡಕೊಳದಲ್ಲಿ, ಪಂಕ್ಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ನನ್ನದು ಅದೇ ಮೇಜು, ಅದೇ ಕುಂಟು ಕಾಲು.
ಕಾಲಡಿಗೆ ಮಡಚಿಟ್ಟ ರಟ್ಟನ್ನೂ ಬದಲಾಯಿಸಿಲ್ಲ.
ಕಂಪನಿ ಮಾತ್ರ ನಾಲ್ಕು ಸಲ ಬದಲಾಗಿದೆ.

ಎಡಗಡೆ ಡ್ರಾಯರಿನಲ್ಲಿ ನಾಲ್ಕು ಸೀಲು.

ಮೊದಲನೆಯದು ದುಂಡಗಿದೆ, ನಡುವೆ ಒಂದು ಬಸವ.
ಗುರುಮಲ್ಲಪ್ಪನವರು ಶಿವರಾಂಪೇಟೆಯಲ್ಲಿ ನಿಂತು ಮಾಡಿಸಿದ್ದು,
ಕೊಂಬು ಸರಿಯಾಗಿ ಮೂಡಲಿಲ್ಲ ಅಂತ ಎರಡು ಸಲ ವಾಪಸು ಕೊಟ್ಟು.
ನಾಲ್ಕು ಟ್ರೇಲರು, ಒಂದು ಫೋನು,
ನಂಜನಗೂಡಿನ ಫ್ಯಾಕ್ಟರಿಗಳಿಂದ ಚೆನ್ನೈ ಬಂದರಿಗೆ ಡಬ್ಬ ಎಳೆಯುವ ಕೆಲಸ.
ಕಂಟೇನರನ್ನು ಅವರು ಕೊನೆಯವರೆಗೂ ಡಬ್ಬ ಅಂತಲೇ ಕರೆದರು.

ಡೀಸೆಲ್ ಏರಿತು, ಬಾಡಿಗೆ ಏರಲಿಲ್ಲ.
ಬಂಡೀಪಾಳ್ಯದ ನಯಾಜ್ ಸಾಹೇಬರು ಬಂದು ಚಹಾ ಕುಡಿದು
ಸಕ್ಕರೆ ಜಾಸ್ತಿ ಅಂದು
ನಾಲ್ಕೂ ಟ್ರೇಲರು ಕೊಂಡರು.
ಎರಡನೇ ಸೀಲು, ಚೌಕ.
ಆಮೇಲೆ ಸಂಕಗಿರಿಯವರು ಸಾಹೇಬರನ್ನೂ ಸೇರಿಸಿ
ಮೂರು ಕಂಪನಿ ಒಟ್ಟಿಗೇ ಎತ್ತಿಕೊಂಡರು,
ಸಂಜೆ ಸಂತೆಯಲ್ಲಿ ಬದನೆಕಾಯಿ ಗುಡ್ಡೆ ಲೆಕ್ಕದಲ್ಲಿ ಕೊಂಡ ಹಾಗೆ.
ಮೂರನೆಯದಕ್ಕೆ ಇಂಕು ಒಳಗೇ ಇತ್ತು, ಒತ್ತಿದರೆ ಟಪ್ ಅನ್ನುತ್ತಿತ್ತು.

ನಾಲ್ಕನೆಯದು ಪುಣೆಯದು, ಕೊರಿಯರಿನಲ್ಲಿ ಬಂತು.
ಅವರ ಮುಖ ನಾನು ನೋಡಿಲ್ಲ.
ಲಾರಿ ಮದ್ದೂರಿನಲ್ಲಿ ಹತ್ತು ನಿಮಿಷ ನಿಂತರೆ
ಅಲ್ಲೆಲ್ಲೋ ಕೆಂಪು ಚುಕ್ಕೆ ಮೂಡುತ್ತಿತ್ತು,
ಯಾಕೆ ನಿಂತಿತು ಅಂತ ಇಲ್ಲಿ ನಾನು ಬರೆಯಬೇಕಿತ್ತು.
ಒಮ್ಮೆ "ಮೂತ್ರ" ಅಂತ ಬರೆದೆ.
ಆ ಕಾರಣ ಪಟ್ಟಿಯಲ್ಲಿಲ್ಲ ಅಂದಿತು ಪರದೆ.

ಈ ಏಪ್ರಿಲ್‌ನಲ್ಲಿ ಐದನೆಯವರು.
ಟೈ ಕಟ್ಟಿದ ಹುಡುಗನೊಬ್ಬ ಬಂದು ಚಾಸಿ ನಂಬರು,
ಟೈರಿನ ಸವೆತ, ಕುರ್ಚಿ, ಫ್ಯಾನು ಎಲ್ಲ ಎಣಿಸಿದ.
ಗುಡ್‌ವಿಲ್ ಅಂತ ಒಂದು ಸಾಲಿತ್ತು ಅವನ ಹಾಳೆಯಲ್ಲಿ,
ಅದನ್ನು ಎಣಿಸಲಿಲ್ಲ. ಮೊದಲೇ ಟೈಪಾಗಿತ್ತು.
"ಹೊಸ ಸೀಲು ಯಾವಾಗ ಬರುತ್ತೆ ಸಾರ್?"
"ಸೀಲು ಬೇಡ ಮೇಡಂ, ಓಟಿಪಿ ಬರುತ್ತೆ."

ಮೊನ್ನೆ ಕಾಳಮಾದ ಮೆಟ್ಟಿಲು ಹತ್ತಿ ಬಂದ, ಕಂಬಿ ಹಿಡಿದುಕೊಂಡು.
ಎಡಗಣ್ಣಿಗೆ ಪೊರೆ. ಕೆಲಸ ಬಿಡುತ್ತಾನೆ, ಗ್ರಾಚ್ಯುಟಿ ಕೇಳಿದ್ದಾನೆ.
ಫೋನಿಗೆ ಉತ್ತರ ಬಂದಿದೆ:
ನೀವು ನಮ್ಮಲ್ಲಿ ಸೇರಿ ಐದು ತಿಂಗಳು.
"ಅವ್ವ, ಲಾರಿ ಅದೇಯ. ಸೀಟ್ನಲ್ಲಿರೋ ಗುಳಿನೂ ನಂದೇಯ.
ನಾನ್ ಯಾವಾಗ ಹೊಸದಾಗಿ ಸೇರ್ಕಂಡೆ?"

ಹಿಂದಿನವರನ್ನು ಕೇಳಿ ಅಂದರು ಐದನೆಯವರು.
ಪುಣೆಯ ನಂಬರು ಚಾಲ್ತಿಯಲ್ಲಿಲ್ಲ.
ಸಂಕಗಿರಿಯವರು ತಮಿಳಿನಲ್ಲಿ ನಕ್ಕರು.
ನಯಾಜ್ ಸಾಹೇಬರು ತೀರಿಕೊಂಡು ಎರಡು ರಂಜಾನ್ ಕಳೆದವು.
ಗುರುಮಲ್ಲಪ್ಪನವರು ಮಾತ್ರ ಮೊದಲ ರಿಂಗಿಗೇ ಎತ್ತಿ
"ಮಾದನಾ? ಶಿವರಾತ್ರಿ ಮಾರನೇ ದಿನ ಸೇರಿದ. ಬರ್ಕೊಡಮ್ಮ,
ನನ್ನ ಸೀಲು ಅಲ್ಲೇ ಇದೆಯಲ್ಲ" ಅಂದರು,
ಊಟಕ್ಕೆ ಅಂತ ಈಗಷ್ಟೇ ಆಫೀಸು ಬಿಟ್ಟು ಹೋದವರ ಹಾಗೆ.

ಮಧ್ಯಾಹ್ನ. ಕ್ಯಾಮೆರಾ ನೋಡುವುದು ಬಾಗಿಲನ್ನು, ನನ್ನನ್ನಲ್ಲ.
ಒಣಗಿದ ಪ್ಯಾಡಿಗೆ ಎರಡು ಹನಿ ನೀರು, ಒಂದು ಬಿಳಿ ಹಾಳೆ.
ದುಂಡಗಿನದು, ಚೌಕ, ಟಪ್, ಆಮೇಲೆ ಪುಣೆ.
ಇಲ್ಲದ ಕಂಪನಿಗಳು ಸಾಲಾಗಿ ನಿಂತು
ಇರುವವನೊಬ್ಬನಿಗೆ ಸಾಕ್ಷಿ ಹೇಳಿದವು.
ತಪ್ಪೋ ಏನೋ.
ಕೆಳಗೆ ನನ್ನದೇ ಸಹಿ ಹಾಕಿದೆ. ಈ ಆಫೀಸಿನಲ್ಲಿ
ಅದಕ್ಕಿಂತ ಹಳೆಯದು ಮೇಜೊಂದೇ.

ಕೆಳಗೆ ಯಾರ್ಡಿನಲ್ಲಿ ಹೊಸ ಹುಡುಗ
ಡಬ್ಬದ ಬಾಗಿಲಿಗೆ ಬೋಲ್ಟ್ ಸೀಲು ಜಡಿಯುತ್ತಿದ್ದ.
ಆ ಸೀಲಿಗೆ ನಂಬರಿದೆ, ಒಡೆದರೆ ಕೇಸಿದೆ,
ಬಂದರು ಮುಟ್ಟುವವರೆಗೂ ಅದನ್ನು ಮುಟ್ಟುವವರಿಲ್ಲ.

ಕಾಳಮಾದ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಒಣಗಿಸಿದ.
ಓದಲಿಲ್ಲ. ಬಸವನನ್ನು ಗುರುತು ಹಿಡಿದ.
"ಒಂದ್ ಕೊಂಬು ಹೊಂಟೋಗದೆ ಕಣವ್ವ" ಅಂದ.